ಸುಳ್ಳು ಇಟ್ಟುಕೊಂಡವರು ಹೊಸ್ತಿಲು ದಾಟಬಾರದು

ಆಂಧ್ರದ ಗಡಿಯ ಹಿಂದೂಪುರದ ಆ ಕಾಲೇಜಿನಲ್ಲಿ ಗಣಿತದ ಬಿ.ಎಸ್ಸಿ.ಗೆ ಸೇರುವುದು ಸುಲಭ, ಉಳಿಯುವುದು ಕಷ್ಟ. ಸೇರಿಸಿಕೊಳ್ಳುವವರು ಆಫೀಸಿನವರು, ಉಳಿಸಿಕೊಳ್ಳಬೇಕಾದವರು ತಿಪ್ಪೇರುದ್ರಪ್ಪನವರು. ಅವರು ಗಣಿತ ವಿಭಾಗದ ಮುಖ್ಯಸ್ಥರು, ವಿಭಾಗಿಸುವುದೇ ಅವರ ಮುಖ್ಯ ಕಸುಬು. ವರ್ಷದ ಮೊದಲ ದಿನ, ಮೊದಲ ಪೀರಿಯಡ್ಡಿಗೆ ಬಂದವರೇ ಹೊಸ ಹುಡುಗರಲ್ಲಿ ಯಾರನ್ನಾದರೂ ಬೋರ್ಡಿಗೆ ಕರೆದು, ಕೈಗೆ ಸೀಮೆಸುಣ್ಣ ಕೊಟ್ಟು, "ಸಾಧಿಸು" ಅನ್ನುವರು. ಲೆಕ್ಕ ಮಾಡು ಅಂತಲ್ಲ, ಸಾಧಿಸು ಅಂತ.

ಕಲ್ಯಾಣದುರ್ಗದ ಕಡೆಯಿಂದ ಬಂದ ಮಕ್ಕಳಿಗೆ ಕುತ್ತು ಬರುತ್ತಿದ್ದದ್ದು ಅಲ್ಲೇ. ಲೆಕ್ಕದಲ್ಲಿ ಅವರು ಹುಲಿಗಳು. ಎಷ್ಟು ಅಂತ ಕೇಳಿದರೆ ಉತ್ತರ ಕೊಡುವರು, ಯಾಕೆ ಅಂತ ಕೇಳಿದರೆ ಉತ್ತರ ದಿಕ್ಕಿಗೆ ನೋಡುವರು. ಎರಡನೇ ವಾರ ಅವರು ಗಣಿತದ ಕ್ಲಾಸಿನಲ್ಲಿ ಕಾಣುವ ಪ್ರಮೇಯವೇ ಇರುತ್ತಿರಲಿಲ್ಲ. ಯಾಕೆಂದರೆ ಮೊದಲ ದಿನವೇ ಪ್ರಮೇಯ ಬಂದು ವಕ್ಕರಿಸಿರುತ್ತಿತ್ತು. ನಿಂತಲ್ಲೇ ನಿಂತವರನ್ನು ತಿಪ್ಪೇರುದ್ರಪ್ಪನವರು ಹಿಸ್ಟರಿ ಗ್ರೂಪಿಗೆ ಬರೆದು ಕಳಿಸುವರು. ಅಲ್ಲಿಗೆ ಅವರು ಗಣಿತದ ಪಾಲಿಗೆ ಇತಿಹಾಸ.

ಬನಶಂಕರಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. ಹಿಂದೂಪುರದ ನೇಕಾರರ ಮನೆಯ ಹುಡುಗಿ, ಅದೇ ವಿಭಾಗದಲ್ಲಿ ಹೊಸದಾಗಿ ಲೆಕ್ಚರರ್ ಆದವಳು. ಎಂಬತ್ತಾರನೇ ಇಸವಿಯ ಬೇಸಿಗೆ ರಜೆಗೆ ಮುಂಚೆ ಸ್ಟಾಫ್ ರೂಮಿನಲ್ಲಿ ಧೈರ್ಯ ಮಾಡಿ ಹೇಳಿಯೇಬಿಟ್ಟಳು.

"ಸರ್, ಆ ಮಕ್ಕಳಿಗೆ ಯಾರೂ ಹೇಳಿಕೊಟ್ಟೇ ಇಲ್ಲ. ಕಾಲೇಜು ಶುರುವಾಗೋಕೆ ಮುಂಚೆ ನಾನೇ ಕಲ್ಯಾಣದುರ್ಗಕ್ಕೆ ಹೋಗಿ ತಯಾರು ಮಾಡ್ತೀನಿ."

"ಏನಮ್ಮಾ, ಗಣಿತ ಅಂದ್ರೆ ಉಪ್ಪಿನಕಾಯಾ, ಬೇಸಿಗೇಲಿ ಹಾಕಿಡೋಕೆ?" ಎಂದರು ತಿಪ್ಪೇರುದ್ರಪ್ಪನವರು.

"ಹಾಕಿಟ್ರೆ ವರ್ಷ ಪೂರ್ತಿ ಕೆಡಲ್ಲ ಸರ್."

ತಿಪ್ಪೇರುದ್ರಪ್ಪನವರು ಕನ್ನಡಕ ಒರೆಸಿಕೊಂಡರು. "ಸರಿ. ಆ ಕಡೆಯೋರಲ್ಲಿ ಒಬ್ರು, ಒಬ್ರೇ ಒಬ್ರು, ಮೊದಲ್ನೇ ದಿನ ಬೋರ್ಡ್ ಮುಂದೆ ನಿಂತು ಒಂದು ಪ್ರೂಫ್ ಪೂರ್ತಿ ಮುಗಿಸ್ಲಿ. ಎಲ್ಲಾರ್ನೂ ಇಟ್ಕೋತೀನಿ. ಮುಗಿಸ್ಲಿಲ್ಲ ಅಂದ್ರೆ ಎಲ್ಲಾರೂ ಹಿಸ್ಟರಿಗೆ. ಆಮೇಲೆ ನೀನು ಈ ವಿಷಯ ನನ್ ಹತ್ರ ಎತ್ತಬಾರ್ದು."

ಬನಶಂಕರಿ ಒಪ್ಪಿಕೊಂಡಳು. ಸ್ಟಾಫ್ ರೂಮಿನಿಂದ ಆಚೆ ಬಂದಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಬಸ್ ಸ್ಟ್ಯಾಂಡ್ ತಲುಪುವ ಹೊತ್ತಿಗೆ, ಒಪ್ಪಿಕೊಂಡದ್ದು ಏನು ಅಂತ ಹೊಳೆದು, ನೆಲವೇ ಕಾಲ ಕೆಳಗಿರಲಿಲ್ಲ.

ಕಲ್ಯಾಣದುರ್ಗದಲ್ಲಿ ಅವಳು ಇಳಿದುಕೊಂಡದ್ದು ಪೆದ್ದಮ್ಮನ ಮನೆಯಲ್ಲಿ. ಪೆದ್ದಮ್ಮ ಅವಳ ತಾಯಿಯ ಅಕ್ಕ. ತೆಲುಗಿನಲ್ಲಿ ಪೆದ್ದಮ್ಮ ಅಂದರೆ ದೊಡ್ಡಮ್ಮ. ಹುಟ್ಟಿದಾಗಲೇ ಆ ಹೆಸರು ಇಟ್ಟುಬಿಟ್ಟಿದ್ದರಿಂದ ಆಕೆಗೆ ಊರಿಗೆಲ್ಲ ದೊಡ್ಡಮ್ಮನಾಗದೆ ಬೇರೆ ದಾರಿಯೇ ಇರಲಿಲ್ಲ. ಮನೆಯ ಮುಂಭಾಗದ ಅಂಕಣದಲ್ಲಿ ಮಗ್ಗ. ಹಗಲೆಲ್ಲ ಅದರ ಸದ್ದಿನಲ್ಲಿ ಪಾಠ ಕೇಳಿಸುವುದಿಲ್ಲ. ಹಾಗಾಗಿ ಮಗ್ಗ ನಿಂತ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ಕ್ಲಾಸು. ಹಿತ್ತಲಲ್ಲಿ ಬಿದ್ದಿದ್ದ ಹಳೇ ಬಾಗಿಲಿಗೆ ಕರೀ ಬಣ್ಣ ಹೊಡೆದು ಗೋಡೆಗೆ ಒರಗಿಸಿದರು. ಗಣಿತದ ಬಾಗಿಲು ತೆರೆದದ್ದು ಹಾಗೆ, ಬಾಗಿಲಿನ ಮೇಲೆಯೇ.

ಮಕ್ಕಳು ಬಂದರು. ಕಂಬದೂರಿನಿಂದ ಜೀಪಿನ ಹಿಂದೆ ಜೋತಾಡಿಕೊಂಡು ಬಂದವರು, ಸೈಕಲ್ಲಿನಲ್ಲಿ ಡಬಲ್ ರೈಡ್ ಬಂದವರು, ಊರೊಳಗಿನವರು. ಅವರದು ತ್ರಿಭಾಷಾ ಸೂತ್ರದ ಬದುಕು: ಎಣಿಸುವುದು ಕನ್ನಡದಲ್ಲಿ, ಬೈಯುವುದು ತೆಲುಗಿನಲ್ಲಿ, ಇನ್ನು ಮೇಲೆ ಹೆದರುವುದು ಇಂಗ್ಲಿಷಿನಲ್ಲಿ. ಅವರಲ್ಲಿ ಬೋರಪ್ಪ ಎಂಬೊಬ್ಬ ಬಾಯಿಬಡುಕ ಇದ್ದ. ಹೆಸರಿಗೆ ಬೋರಪ್ಪನೇ ಹೊರತು ಯಾರಿಗೂ ಬೋರು ಹೊಡೆಸಿದವನಲ್ಲ. ಉಡುಸಲಮ್ಮ ಎಂಬ ಹುಡುಗಿಯೂ ಇದ್ದಳು. ಕಂಬದೂರಿನ ಆಚೆಯ ಹಳ್ಳಿಯವಳು, ಮೇಕೆ ಕಾಯುತ್ತಲೇ ಇಂಟರ್‌ಮೀಡಿಯಟ್ ಮುಗಿಸಿದವಳು. ಮಾತು ಕಡಿಮೆ, ಆದರೆ ಬನಶಂಕರಿ ಬೋರ್ಡಿನ ಮೇಲೆ ಒಂದು ಸಾಲು ಬರೆದರೆ, ಮುಂದಿನ ಸಾಲು ಆ ಹುಡುಗಿಯ ಕಣ್ಣಿನಲ್ಲಿ ಮೊದಲೇ ಕಾಣುತ್ತಿತ್ತು.

'ಇವಳೇ' ಎಂದುಕೊಂಡಳು ಬನಶಂಕರಿ. 'ಬೋರ್ಡ್ ಮುಂದೆ ನಿಲ್ಲೋಳು ಇವಳೇ.'

ಮೊದಲ ವಾರ ಹೂವಿನ ಹಾಗೆ ಹೋಯಿತು. ಯಾಕೆ ಅಂತ ಕೇಳುವುದು ಮೇಷ್ಟ್ರಿಗೆ ಎದುರಾಡಿದ ಹಾಗಲ್ಲ ಎಂದು ನಂಬಿಸುವುದಕ್ಕೇ ಎರಡು ಸಂಜೆ ಹಿಡಿದವು. ನಂಬಿದ ಮೇಲೆ ಅವರನ್ನು ನಿಲ್ಲಿಸುವುದು ಕಷ್ಟವಾಯಿತು. ಸಮಕ್ಕೆ ಸಮ ಕೂಡಿದರೆ ಸಮ, ಯಾಕೆ? ಸೊನ್ನೆಯಿಂದ ಭಾಗಿಸಬಾರದು, ಯಾಕೆ? "ಪೆದ್ದಮ್ಮಾ, ಕಾಫಿಗೆ ಬೆಲ್ಲ ಯಾಕೆ?" ಎಂದು ಬೋರಪ್ಪ ಕೇಳಿದ ದಿನ ಪೆದ್ದಮ್ಮ ಅವನಿಗೆ ಕಾಫಿಯನ್ನೇ ಕೊಡಲಿಲ್ಲ.

ಎರಡನೇ ವಾರ ಬನಶಂಕರಿ ಉತ್ಸಾಹದಿಂದ ಅಂಗೈ ಉಜ್ಜಿಕೊಂಡಳು. "ಇವತ್ತು ಗಣಿತದ ದೊಡ್ಡ ಪಟ್ಟು ಹೇಳಿಕೊಡ್ತೀನಿ. ಒಂದು ಮಾತು ನಿಜ ಅಂತ ಸಾಧಿಸ್ಬೇಕು, ನೇರವಾಗಿ ಆಗ್ತಿಲ್ಲ. ಆಗ ಅದು ಸುಳ್ಳು ಅಂತಲೇ ಇಟ್ಕೋಬೇಕು. ಆ ಸುಳ್ಳಿನ ಬಾಲ ಹಿಡ್ಕೊಂಡು ಹೋದ್ರೆ ಎಲ್ಲೋ ಒಂದು ಕಡೆ ಎಡವಟ್ಟಾಗುತ್ತೆ. ಎಡವಟ್ಟಾಯ್ತು ಅಂದ್ರೆ, ಇಟ್ಕೊಂಡಿದ್ದೇ ತಪ್ಪು. ಅಲ್ಲಿಗೆ ನಮ್ಮ ಮಾತು ನಿಜ. ಈಗ ನೋಡಿ, ಈ ಮನೇಲಿ ದೀಪವೇ ಇಲ್ಲ ಅಂತ ಇಟ್ಕೊಳ್ಳಿ..."

ಸರಿಯಾಗಿ ಆ ಹೊತ್ತಿಗೆ ಪೆದ್ದಮ್ಮ ಸಂಜೆಯ ದೀಪ ಹಿಡಿದು ಒಳಗಿನಿಂದ ಬರುತ್ತಿದ್ದಳು. ದೀಪ ಅಲ್ಲೇ ನಿಂತಿತು, ಪೆದ್ದಮ್ಮನ ಬಾಯಿ ನಿಲ್ಲಲಿಲ್ಲ.

"ಏನಂದೇ ಶಂಕ್ರೀ? ದೀಪ ಹಚ್ಚೋ ಹೊತ್ನಾಗೆ ದೀಪ ಇಲ್ಲ ಅಂದ್ಯಾ? ಬುಡ್ತು ಅನ್ನು! ಮೊದ್ಲು ಬುಡ್ತು ಅನ್ನು!"

"ಪೆದ್ದಮ್ಮಾ, ಇದು ಲೆಕ್ಕ..."

"ಲೆಕ್ಕ ಆದ್ರೇನು ಬೆಕ್ಕಾದ್ರೇನು, ಅಪಶಕುನ ಅಪಶಕುನವೇ! ಮುಸ್ಸಂಜೇಲಿ ತಥಾಸ್ತು ದೇವತೆಗ್ಳು ಮ್ಯಾಲೆ ಓಡಾಡ್ತಿರ್ತಾವೆ ಕಣಮ್ಮಾ. ನೀನು ಇಲ್ಲ ಅಂತೀಯ, ಅವು ತಥಾಸ್ತು ಅಂದ್ಬುಡ್ತಾವೆ. ಆಮ್ಯಾಕೆ ನಿನ್ ಕಾಲೇಜ್ನೋರು ಬಂದು ದೀಪ ಹಚ್ತಾರಾ?"

ಲೆಕ್ಚರರ್ ಬನಶಂಕರಿ, ಎಂ.ಎಸ್ಸಿ., ವಿದ್ಯಾರ್ಥಿಗಳ ಎದುರಿಗೆ ಮೆಲ್ಲಗೆ "ಬುಡ್ತು" ಎಂದಳು.

ಅವಳು ಮರೆತಿದ್ದಳು. ಅದು ಅಕ್ಕಿ ಮುಗಿದರೆ ಮುಗಿಯಿತು ಎನ್ನದೆ, ತೆಲುಗಿನಲ್ಲಿ 'ನಿಂಡುಕುಂದಿ', ತುಂಬಿಕೊಂಡಿದೆ, ಎನ್ನುವ ನಾಡು. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ ಜನ. ಹೊರಟವರು ಹೋಗುತ್ತೇನೆ ಎಂದರೆ ಮೂರು ಮನೆಯವರು ಬಂದು ತಿದ್ದುತ್ತಾರೆ. ಇಂಥ ಕಡೆ ಬಂದು, ಇಲ್ಲದ್ದನ್ನು ಇದೆ, ಇರುವುದನ್ನು ಇಲ್ಲ ಅಂತ ಬಾಯಿಬಿಟ್ಟು ಹೇಳಿ ಅನ್ನುವುದೆಂದರೆ! ಮೇಲಿನ ದೇವತೆಗಳಿಗೆ ಅಂಕಗಣಿತವೂ ಗೊತ್ತಿಲ್ಲ, ತಮಾಷೆಯೂ ಗೊತ್ತಿಲ್ಲ.

ಮರುದಿನದಿಂದ ಕ್ಲಾಸು ಮೂಕವಾಯಿತು. "ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಒಂದಿದೆ ಅಂತ ಇಟ್ಕೊಳ್ಳಿ" ಎಂದರೆ ಯಾರೂ ಇಟ್ಟುಕೊಳ್ಳಲೊಲ್ಲರು. ಸುಳ್ಳನ್ನು ಮನೆಯೊಳಗೆ ಬಿಟ್ಟುಕೊಳ್ಳುವುದೇ? ಬನಶಂಕರಿ ಉಡುಸಲಮ್ಮನನ್ನು ಎಬ್ಬಿಸಿದಳು. ಆ ಹುಡುಗಿ ಎದ್ದು ನಿಂತು ತುಟಿ ಬಿಗಿದುಕೊಂಡಳು.

"ಯಾಕಮ್ಮಾ? ನಿನಗೆ ಗೊತ್ತು. ಹೇಳು."

"ಗೊತ್ತು ಮೇಡಂ. ಅನ್ನಾಕಿಲ್ಲ."

"ಯಾಕೆ?"

ಯಾಕೆ ಅಂತ ಕೇಳಲು ಕಲಿಸಿದವಳೇ ಕೇಳಿದ ಮೇಲೆ ಉತ್ತರ ಕೊಡದೆ ವಿಧಿಯಿಲ್ಲ. "ಒಂದ್ಸಲ ನಮ್ ಕರೀ ಮ್ಯಾಕೆ ಸಂಜೀಗೆ ಬರ್ದಿದ್ರೆ ಏನ್ಮಾಡೋದು ಅಂತ ಸುಮ್ನೆ ಅಂದೆ ಮೇಡಂ. ಬರ್ಲೇ ಇಲ್ಲ."

"ತೋಳ ಹೊತ್ಕೊಂಡು ಹೋಗಿರ್ಬೇಕು. ನೀನು ಅಂದಿದ್ದಕ್ಕಲ್ಲ."

"ಮತ್ತೆ ತೋಳಕ್ಕೆ ಹೇಳ್ದೋರ್ಯಾರು ಮೇಡಂ?"

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ತಿಪ್ಪೇರುದ್ರಪ್ಪನವರು ಮೊದಲ ದಿನ ಕೇಳುವುದು ಎಂಥ ಪ್ರೂಫ್ ಎಂದು ಬನಶಂಕರಿಗೆ ಗೊತ್ತಿತ್ತು. ಅವರು ಅದನ್ನೇ ಕೇಳುವರು, ಸುಳ್ಳು ಇಟ್ಟುಕೊಂಡು ನಿಜ ಸಾಧಿಸುವುದನ್ನೇ. ಈ ಹುಡುಗಿ ಬೋರ್ಡಿನ ಮುಂದೆ ಹೀಗೇ ತುಟಿ ಬಿಗಿದರೆ ಮುಗಿಯಿತು. ಅಲ್ಲ, ತುಂಬಿಕೊಂಡಿತು.

ಎರಡು ಸಂಜೆ ಹೀಗೇ ಹೋದವು. ಮೂರನೆಯ ಸಂಜೆ ಬೋರಪ್ಪನಿಗೆ ತಡೆಯಲಾಗಲಿಲ್ಲ. ಬಾಯಿಬಡುಕನಿಗೆ ಮೌನ ಅಂದರೆ ಹೊಟ್ಟೆನೋವು. ಅವನು ಸೀದಾ ಪೆದ್ದಮ್ಮನ ಹತ್ತಿರ ಹೋಗಿ ಚೌಕಾಸಿಗೆ ನಿಂತ.

"ಪೆದ್ದಮ್ಮಾ, ಕೆಟ್ಟ ಮಾತು ಅಂದ್ಮ್ಯಾಕೆ ಬುಡ್ತು ಅಂದ್ರೆ ದೋಸ ಹೋಯ್ತದೆ ತಾನೆ?"

"ಹೋಯ್ತದೆ ಕಣ್ಲಾ."

"ಕೂಡ್ಲೇ ಅನ್ನಬೇಕಾ, ಸ್ವಲ್ಪ ತಡ ಆದ್ರೂ ನಡೀತದಾ?"

ಪೆದ್ದಮ್ಮ ಯೋಚಿಸಿದಳು. ಇಂಥ ಪ್ರಶ್ನೆ ಆಕೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. "ಹೊಸ್ಲು ದಾಟೋಕ್ ಮುಂಚೆ ಅನ್ನಬೇಕು. ಅಂದೋರೂ ದಾಟಂಗಿಲ್ಲ, ಕೇಳ್ದೋರೂ ದಾಟಂಗಿಲ್ಲ. ಮಾತು ಬೀದೀಗ್ ಬಿತ್ತಾ, ಆಮ್ಯಾಕೆ ಅದು ಯಾರ್ ಮಾತೂ ಕೇಳಾಕಿಲ್ಲ."

ಬನಶಂಕರಿ ಸೀಮೆಸುಣ್ಣ ಹಿಡಿದು ನಿಂತಿದ್ದವಳು ಹಾಗೇ ಕೂತುಬಿಟ್ಟಳು. ಕೂತವಳು ಮತ್ತೆ ಹಾರಿ ಎದ್ದಳು. ಎಂ.ಎಸ್ಸಿ.ಯ ಎರಡು ವರ್ಷ ಅವಳು ಇದನ್ನು ಬರೆಯುತ್ತಲೇ ಬಂದಿದ್ದಳು: ಇಟ್ಟುಕೊಂಡದ್ದನ್ನು ಕೊನೆಗೆ ಬಿಡಬೇಕು, ಬಿಡದಿದ್ದರೆ ಪ್ರೂಫ್ ಮುಗಿಯಲಿಲ್ಲ.

"ಎಲ್ಲಾರೂ ಕೇಳಿ! ಇನ್ನು ಮೇಲೆ ಇದೇ ಕಾನೂನು. ಸುಳ್ಳು ಇಟ್ಕೋಬಹುದು. ಆದ್ರೆ ಬುಡ್ತು ಅನ್ನೋದು ಯಾವಾಗ? ಎಡವಟ್ಟು ಕೈಗೆ ಸಿಕ್ಕಿದ ಮೇಲೆ. ಅದಕ್ಕೆ ಮುಂಚೆ ಅಂದ್ರೆ ನನ್ನ ಕೈಲಿ ಬೈಸ್ಕೋತೀರಿ. ಅನ್ನದೆ ಹೊಸ್ಲು ದಾಟಿದ್ರೆ..."

"ನನ್ ಕೈಲಿ ಒದೆ ತಿಂತೀರಿ" ಎಂದು ಪೆದ್ದಮ್ಮ ವಾಕ್ಯ ಪೂರ್ತಿ ಮಾಡಿದಳು.

ಉಡುಸಲಮ್ಮ ತಾನಾಗಿಯೇ ಬೋರ್ಡಿಗೆ ಬಂದಳು. ಒಂದು ಸಲ ಮೇಲೆ ಜಂತೆಯ ಕಡೆ ನೋಡಿದಳು. ಆಮೇಲೆ ಒಂದೇ ಉಸಿರಿಗೆ, "ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಒಂದೈತೆ ಅಂತ ಇಟ್ಕೊಳ್ಳಾಣ. ಅದಕ್ಕೆ ಒಂದು ಕೂಡ್ಸಾಣ. ಅದಕ್ಕಿಂತ ದೊಡ್ಡದು ಬಂತು. ಎಡವಟ್ಟು!" ಎಂದಳು.

"ಬುಡ್ತು!" ಎಂದು ಇಡೀ ಅಂಕಣ ಕೂಗಿತು. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಯಾರ ಮನೆಯಲ್ಲಿ ಏನು ಅನಾಹುತವಾಯಿತೋ ಎಂದು ಇಣುಕಿ ನೋಡಿದರು.

ಅಲ್ಲಿಂದ ಮುಂದೆ ಸುಗ್ಗಿ. ದಿನಾ ಸಂಜೆ ಒಂದೊಂದು ಸುಳ್ಳು. ಎರಡರ ವರ್ಗಮೂಲ ಭಿನ್ನರಾಶಿ ಅಂತ ಇಟ್ಟುಕೊಂಡರು, ಬುಡ್ತು ಅಂದರು. ಕೆಲವು ಎಡವಟ್ಟು ಬೇಗ ಸಿಗುತ್ತಿರಲಿಲ್ಲ. ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಕಂಬದೂರಿನ ಜೀಪು ಹಾರ್ನ್ ಹೊಡೆಯುತ್ತ ನಿಂತಿರುತ್ತಿತ್ತು, ಒಳಗೆ ಮಕ್ಕಳು ತಲೆ ಕೆರೆದುಕೊಂಡು ಸುಳ್ಳನ್ನು ಅಟ್ಟಾಡಿಸುತ್ತಿದ್ದರು. "ಇನ್ನೂ ಬುಡ್ತು ಆಗ್ಲಿಲ್ವಾ?" ಎಂದು ಡ್ರೈವರು ಕಿಟಕಿಯಲ್ಲಿ ಬಂದು ಕೇಳುವನು. ಊರು ಬನಶಂಕರಿಯನ್ನು 'ಬುಡ್ತು ಮೇಡಂ' ಎಂದು ಕರೆಯತೊಡಗಿತು. ಅವಳಿಗೆ ಪಿಎಚ್.ಡಿ. ಬಂದಷ್ಟು ಖುಷಿಯಾಯಿತು.

ಜುಲೈ ಬಂತು. ಮೊದಲ ದಿನದ ಬಸ್ಸಿನಲ್ಲಿ ಮಕ್ಕಳೆಲ್ಲ ತಲೆಗೆ ಎಣ್ಣೆ ಹಚ್ಚಿ, ಒಗೆದ ಬಟ್ಟೆ ತೊಟ್ಟು, ಮದುವೆ ದಿಬ್ಬಣದ ಹಾಗೆ ಗಲಾಟೆ ಮಾಡುತ್ತ ಬಂದರು. ಹಿಂದೂಪುರ ಹತ್ತಿರವಾಗಿ, ಪರಿಗಿ ದಾಟಿದ ಮೇಲೆ ಮಾತ್ರ ಒಬ್ಬೊಬ್ಬರೇ ಸುಮ್ಮನಾದರು. ಉಡುಸಲಮ್ಮ ಕಿಟಕಿಯ ಸರಳು ಹಿಡಿದುಕೊಂಡಿದ್ದಳು.

ತಿಪ್ಪೇರುದ್ರಪ್ಪನವರು ಕ್ಲಾಸಿಗೆ ಬಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಬನಶಂಕರಿಯನ್ನು ಕಂಡು, "ಉಪ್ಪಿನಕಾಯಿ ತಂದ್ಯೇನಮ್ಮಾ?" ಎಂದರು. ಅವಳು ಕೈ ತೋರಿಸಿದ ಉಡುಸಲಮ್ಮನನ್ನು ಹೆಸರು ಕೇಳಿ ಬೋರ್ಡಿಗೆ ಕರೆದರು. ಸೀಮೆಸುಣ್ಣ ಕೊಟ್ಟರು.

"ಅವಿಭಾಜ್ಯ ಸಂಖ್ಯೆಗಳು ಯಾವತ್ತೂ ಮುಗಿಯೋದಿಲ್ಲ. ಸಾಧಿಸು."

ಬನಶಂಕರಿಯ ಎದೆ ಮಗ್ಗದ ಹಾಗೆ ಬಡಿದುಕೊಂಡಿತು. ಈ ಒಂದನ್ನು ಅವರು ಕಲ್ಯಾಣದುರ್ಗದಲ್ಲಿ ಮಾಡಿರಲಿಲ್ಲ. ಪಟ್ಟು ಗೊತ್ತು, ಎದುರಾಳಿ ಹೊಸಬ.

ಉಡುಸಲಮ್ಮ ಬೋರ್ಡಿಗೆ ತಿರುಗಿದಳು. ಆಮೇಲೆ, "ಮುಗೀತಾವೆ ಅಂತ ಇಟ್ಕೊಳ್ಳಾಣ ಸಾರ್" ಎಂದಳು.

"ಅವಿಭಾಜ್ಯ ಅಂದ್ರೇನು?" ಎಂದು ತಿಪ್ಪೇರುದ್ರಪ್ಪನವರು ಅಡ್ಡ ಹಾಕಿದರು. ಹೇಳಿದಳು. "ಒಂದು ಯಾಕೆ ಅವಿಭಾಜ್ಯ ಅಲ್ಲ?" ಹೇಳಿದಳು. "ಇಟ್ಕೊಳ್ಳೋದು ಅಂದ್ರೇನು? ಎಲ್ಲಿ ಇಟ್ಕೋತೀಯ, ಜೇಬಲ್ಲಾ?" ಮುಂದಿನ ಬೆಂಚಿನ ಪೇಟೆ ಹುಡುಗರು ನಕ್ಕರು. ಅವಳು ಅದಕ್ಕೂ ಹೇಳಿದಳು. ಒಂದೊಂದು ಅಡ್ಡಪ್ರಶ್ನೆಗೂ ಗಡಿಯಾರ ಮುಂದೆ ಹೋಗುತ್ತಿತ್ತು. ಕೊನೆಗೆ ಅವಳು ಇರುವ ಅವಿಭಾಜ್ಯಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಟ್ಟಿಗೆ ಗುಣಿಸಿ, ಅದಕ್ಕೆ ಒಂದನ್ನು ಕೂಡಿಸಿ, ಸಮಚಿಹ್ನೆ ಹಾಕಿದಳು.

ಗಂಟೆ ಹೊಡೆಯಿತು.

"ಟೈಮ್ ಅಯಿಪೋಯಿಂದಿ. ಕೂರ್ಚೋಮ್ಮಾ" ಎಂದರು ತಿಪ್ಪೇರುದ್ರಪ್ಪನವರು, ಹಾಜರಿ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು. "ಟೈಮ್ ಮುಗೀತು, ನೀನು ಮುಗಿಸ್ಲಿಲ್ಲ, ಕೂತ್ಕೋ. ಮಾತು ಅಂದ್ರೆ ಮಾತು." ಬನಶಂಕರಿಯ ಕಡೆ ನೋಡದೆ ಬಾಗಿಲಿಗೆ ನಡೆದರು.

ಬನಶಂಕರಿ ಬೋರ್ಡ್ ನೋಡಿದಳು. ಒಂದು ಸಾಲು. ಒಂದೇ ಸಾಲು ಉಳಿದಿತ್ತು.

"ಸಾರ್! ಹೊಸ್ಲು ದಾಟಬ್ಯಾಡಿ!"

ಬೋರಪ್ಪ. ಬೆಂಚುಗಳ ಮೇಲಿಂದಲೇ ಹಾರಿ ಬಂದು ಬಾಗಿಲಿಗೆ ಅಡ್ಡ ನಿಂತಿದ್ದ. ತಿಪ್ಪೇರುದ್ರಪ್ಪನವರ ಒಂದು ಕಾಲು ಹೊಸ್ತಿಲ ಮೇಲೆ ಗಾಳಿಯಲ್ಲೇ ನಿಂತಿತು.

"ಏನೋ ಇದು?"

"ಆ ಹುಡ್ಗಿ ಅವಿಭಾಜ್ಯಗ್ಳು ಮುಗೀತಾವೆ ಅಂದ್ಬುಟ್ಟವ್ಳೆ ಸಾರ್! ಇನ್ನೂ ಬುಡ್ತು ಅಂದಿಲ್ಲ. ನೀವು ಈಗ ಆಚೆ ಹೋದ್ರೆ ಆ ಮಾತೂ ನಿಮ್ ಜೊತೇಲಿ ಬತ್ತದೆ!"

ತಿರುಗಿ ನೋಡಿದರೆ ಕಲ್ಯಾಣದುರ್ಗದ ಕಡೆಯವರೆಲ್ಲ ಎದ್ದು ನಿಂತಿದ್ದಾರೆ, ಒಬ್ಬರೂ ಅಲುಗಾಡುತ್ತಿಲ್ಲ. ಉಡುಸಲಮ್ಮ ಸೀಮೆಸುಣ್ಣ ಬಿಟ್ಟಿಲ್ಲ. ಅವಳ ಮುಖದಲ್ಲಿ ಸೋಲಿನ ಭಯ ಇರಲಿಲ್ಲ; ಮನೆಯಲ್ಲಿ ಒಲೆ ಉರಿಯುತ್ತಿರುವಾಗಲೇ ಯಾರೋ ಹೊರಗೆ ಎಳೆದುಕೊಂಡು ಹೋಗುತ್ತಿರುವವಳ ಗಾಬರಿ ಇತ್ತು.

"ಬನಶಂಕರೀ, ಕೂರಿಸಮ್ಮಾ ಇವರನ್ನ!" ಎಂದು ತಿಪ್ಪೇರುದ್ರಪ್ಪನವರು ಗುಡುಗಿದರು.

ಬನಶಂಕರಿ ಎದ್ದಳು. ಕೂರಿ ಎನ್ನಲು ಬಾಯಿ ತೆರೆದಳು. ಕೆಲಸ ಹೊಸದು, ಮುಖ್ಯಸ್ಥರು ಹಳಬರು. ಆದರೆ ಬಾಯಿಂದ ಬಂದದ್ದು ಬೇರೆ.

"ಸರ್, ಇಟ್ಕೊಂಡಿದ್ದನ್ನ ಹಾಗೇ ಬಿಟ್ಟು ಎದ್ದು ಹೋಗೋದು ನಮ್ಮ ಗಣಿತದಲ್ಲೂ ತಪ್ಪೇ ಅಲ್ವಾ? ಪ್ರೂಫ್ ಮಧ್ಯದಲ್ಲಿ ಎದ್ದು ಹೋಗ್ತಾ ಇರೋದು ಅವರಲ್ಲ ಸರ್. ನೀವು."

ತಿಪ್ಪೇರುದ್ರಪ್ಪನವರು ಹೊಸ್ತಿಲನ್ನು ನೋಡಿದರು, ತಮ್ಮ ಕಾಲನ್ನು ನೋಡಿದರು. ಅವರೂ ಈ ಸೀಮೆಯ ಅಜ್ಜಿಯೊಬ್ಬಳ ಮಡಿಲಲ್ಲಿ ಬೆಳೆದವರೇ, ಎಂ.ಎಸ್ಸಿ. ಮಾಡಿದ್ದು ಅವರ ತಲೆ, ಕಾಲು ಮಾಡಿರಲಿಲ್ಲ. ಅದು ಮೆಲ್ಲಗೆ ಒಳಗೆ ಬಂತು.

"ಮುಗಿಸು" ಎಂದರು.

"ಈ ಹೊಸ ಸಂಖ್ಯೇನ ನಮ್ ಸಾಲಿನಾಗಿರೋ ಯಾವ್ದ್ರಿಂದ ಭಾಗ್ಸಿದ್ರೂ ಒಂದು ಉಳೀತದೆ ಸಾರ್."

"ಹಾಗಾದ್ರೆ ಹೊಸ ಸಂಖ್ಯೆ ಅವಿಭಾಜ್ಯ, ಅಲ್ವಾ?" ತಿಪ್ಪೇರುದ್ರಪ್ಪನವರ ದನಿ ಬೆಣ್ಣೆಯಾಯಿತು. ಬನಶಂಕರಿ ಬೆಂಚು ಹಿಡಿದುಕೊಂಡಳು. ಅದು ಗುಂಡಿ. ಎಷ್ಟೋ ಜನ ಎಂ.ಎಸ್ಸಿ.ಗಳು ಬಿದ್ದ ಗುಂಡಿ.

ಉಡುಸಲಮ್ಮ ಹೂಂ ಅನ್ನಲು ಹೊರಟವಳು ತಡೆದಳು. ಹುಬ್ಬು ಗಂಟಿಕ್ಕಿದಳು. "ಹಂಗೇ ಅಂತ ಹೇಳಾಕಾಗಲ್ಲ ಸಾರ್. ಆಗಿರ್ಬೋದು, ಇಲ್ದೇನೂ ಇರ್ಬೋದು. ಆದ್ರೆ ಅದನ್ನ ಭಾಗ್ಸೋ ಅವಿಭಾಜ್ಯ ಒಂದು ಇರ್‍ಲೇಬೇಕು, ಅದು ನಮ್ ಸಾಲಿನಾಗಿಲ್ಲ. ಎಲ್ಲಾನೂ ನಿಲ್ಸಿದೀವಿ ಅಂದಿದ್ವಿ, ಒಂದು ಆಚೇನೇ ನಿಂತೈತೆ. ಎಡವಟ್ಟು."

ಅವಳು ತಿರುಗಿ ಕ್ಲಾಸಿನ ಕಡೆ ನೋಡಿದಳು.

"ಬುಡ್ತು!"

ಕಿಟಕಿಯ ಗಾಜು ನಡುಗಿತು. ಮುಂದಿನ ಪೀರಿಯಡ್ಡಿಗೆಂದು ಹೊರಗೆ ಕಾಯುತ್ತಿದ್ದ ಇಂಗ್ಲಿಷ್ ಲೆಕ್ಚರರ್ ಕೈಯಿಂದ ಪುಸ್ತಕ ಜಾರಿತು. ತಿಪ್ಪೇರುದ್ರಪ್ಪನವರು ಬೋರ್ಡನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರು. ತಪ್ಪು ಹುಡುಕಿದರು, ಸಿಗಲಿಲ್ಲ. ಅವರ ಮೀಸೆಯ ಕೆಳಗೆ ಏನೋ ಅಲುಗಿತು. ಅದು ನಗು ಎಂದು ಹೇಳಲು ಬನಶಂಕರಿಗೆ ಹಿಂದಿನ ಅನುಭವ ಇರಲಿಲ್ಲ.

"ಹಿಸ್ಟರಿಯವರಿಗೆ ಹೇಳ್ಬಿಡಮ್ಮಾ" ಎಂದರು ಅವಳಿಗೆ. "ಈ ವರ್ಷ ನಮ್ಮ ಕಡೆಯಿಂದ ಯಾರೂ ಬರಲ್ಲ ಅಂತ." ಆಮೇಲೆ ಮಕ್ಕಳ ಕಡೆ ಬೆರಳು ತೋರಿಸಿ, "ಆ ಕೂಗು ಮಾತ್ರ ಯೂನಿವರ್ಸಿಟಿ ಪೇಪರಲ್ಲಿ ಬರೀಬೇಡ್ರಪ್ಪಾ, ನನ್ನ ಕೆಲಸ ಹೋಗುತ್ತೆ" ಎಂದರು.

ಬೋರಪ್ಪ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ತಿಪ್ಪೇರುದ್ರಪ್ಪನವರು ಮಾತ್ರ ಹೊರಡುವ ಲಕ್ಷಣ ಕಾಣಲಿಲ್ಲ, ಡಸ್ಟರ್ ಹುಡುಕುತ್ತಿದ್ದರು. ಉಡುಸಲಮ್ಮ ಬೆಂಚುಗಳ ಮಧ್ಯೆ ನಡೆದು ಬನಶಂಕರಿಯ ಹತ್ತಿರ ಬಂದಳು. ಮುಖವೆಲ್ಲ ಸೀಮೆಸುಣ್ಣ. ಬಗ್ಗಿ ಕಿವಿಯಲ್ಲಿ ಕೇಳಿದಳು:

"ಮೇಡಂ, ಇದಕ್ಕಿಂತ ದೊಡ್ಡ ಸುಳ್ಳು ಯಾವ್ದಾರ ಐತಾ?"